ಶುಕ್ರವಾರದ ಸಾಂಬಾರು

"ಇಂಗು ಹಾಕಿದ್ದಾ, ಇಂಗಿನ ಡಬ್ಬವೇ ಕಡಾಯಿಗೆ ಬಿದ್ದದ್ದಾ? ಬಾಯಿ ಬಿಟ್ಟು ಹೇಳು ಚೆನ್ನಯ!"

"ಕಿರುಚಬೇಡ. ಹಾಕಿದ್ದು ನಾನೇ. ಎಷ್ಟು ಹಾಕಿದೆ ಅಂತ ಮೂಗಿಗೆ ಗೊತ್ತಾಗ್ಲಿಲ್ಲ."

"ಮೂಗಿಗೆ ಗೊತ್ತಾಗ್ಲಿಲ್ಲವಾ! ಮೂವತ್ತು ವರ್ಷ ಸಾಂಬಾರು ಮಾಡಿದ ಮೂಗಿಗೆ!"

"ಮೂಗಿಗೆ ಬೈದು ಎಂಥ ಪ್ರಯೋಜನ ಮಾರಾಯ? ಹಿಂದಿನ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡು. ಐದು ದಿನ ಆಯ್ತು, ಗಾಳಿ ಈ ಕಡೆಗೇ ಉಂಟು. ಆ ಕೆಮಿಕಲ್ ವಾಸನೆಯ ಎದುರು ಇಂಗೂ ಒಂದೇ, ಸಗಣಿಯೂ ಒಂದೇ."

"ಯಾವ ವಾಸನೆ?" ಎಂದ ಗುಣಪಾಲ.

ಚೆನ್ನಯ ಸೌಟು ಕೆಳಗಿಟ್ಟು ಅವನ ಮುಖವನ್ನೇ ನೋಡಿದ. "ಯಾವ ವಾಸನೆ ಅಂತ ಕೇಳ್ತಾ ಇದ್ದೀಯಲ್ಲ, ನಿನ್ನ ಕಣ್ಣಲ್ಲಿ ನೀರು ಇಳೀತಾ ಉಂಟು."

"ಅದು ಈರುಳ್ಳಿ."

"ಈರುಳ್ಳಿ ಇನ್ನೂ ಹೆಚ್ಚಲೇ ಇಲ್ಲ."

"ಹಾಗಾದ್ರೆ ಅದು ನಿನ್ನ ಮೇಲಿನ ಸಿಟ್ಟು!" ಎಂದು ಗುಣಪಾಲ, ಗಿರಾಕಿ ವಾಪಸು ಕಳಿಸಿದ ವಡೆ ಸಾಂಬಾರಿನ ತಟ್ಟೆಯನ್ನು ಸಿಂಕಿಗೆ ಎಸೆದು, ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಗಲ್ಲಾಪೆಟ್ಟಿಗೆಗೆ ಹೋಗಿ ಕೂತ.

ಡೊಂಬಿವಲಿಯ ಕಾರ್ಖಾನೆಗಳ ಬೇಲಿಗೆ ಬೆನ್ನು ಕೊಟ್ಟು ನಿಂತ 'ದುರ್ಗಾಪ್ರಸನ್ನ' ಹೋಟೆಲಿನಲ್ಲಿ ಬೆಳಗಿನ ಆರೂವರೆಗೆ ಹೀಗೊಂದು ಜಗಳ ಆಗುವುದು ಆಗ ಮಾಮೂಲಾಗಿತ್ತು. ಜಗಳಕ್ಕೆ ಇಬ್ಬರೂ ಹೊಸಬರಲ್ಲ. ಹುಡುಗರಾಗಿದ್ದಾಗ ಥಾಣೆಯ ಒಂದೇ ಹೋಟೆಲಿನಲ್ಲಿ ಲೋಟ ತೊಳೆದವರು, ಒಂದೇ ಬೆಂಚಿನ ಮೇಲೆ ಮಲಗಿದವರು. ಆಮೇಲೆ ಒಬ್ಬ ಹೋಟೆಲಿನ ಮಾಲೀಕನಾಗಿ ಶೇಟ್ ಆದ, ಇನ್ನೊಬ್ಬ ಅಡುಗೆಯವನಾದ. ಗಿರಾಕಿಗಳ ಎದುರು ಚೆನ್ನಯ ಅವನನ್ನು 'ಶೇಟ್' ಎನ್ನುತ್ತಿದ್ದ. ಅಡುಗೆಮನೆಯ ಹೊಸಿಲು ದಾಟಿದರೆ ಅವನು ಬರೇ ಗುಣಪಾಲ. ಗುಣಪಾಲನೂ ಹಾಗೇ. ಮನಸ್ಸು ಸರಿ ಇದ್ದಾಗ 'ಚೆನ್ನಯಣ್ಣ', ಸಿಟ್ಟು ಬಂದಾಗ ಬರೇ 'ಚೆನ್ನಯ'.

ಈ ಹೋಟೆಲಿನ ಸಾಂಬಾರಿಗೆ ಒಂದು ಕಟ್ಟಳೆ ಇತ್ತು. ಗಲ್ಲಾಪೆಟ್ಟಿಗೆಯ ಮೇಲಿರುವ ದುರ್ಗೆಯ ಪಟದ ಎದುರು ಮೊದಲ ಬಟ್ಟಲು ಇಡುವ ತನಕ ಯಾರೂ ಅದನ್ನು ನಾಲಿಗೆಗೆ ಮುಟ್ಟಿಸಬಾರದು. ದೇವರಿಗೆ ಎಂಜಲು ಇಡುವುದುಂಟೇ? ಆದ್ದರಿಂದ ಉಪ್ಪು, ಹುಳಿ, ಖಾರ, ಇಂಗು ಎಲ್ಲವನ್ನೂ ಚೆನ್ನಯ ಬರೇ ಹಬೆಯಲ್ಲಿ ಅಳೆಯುತ್ತಿದ್ದ. ಕುದಿಯುವ ಕಡಾಯಿಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, "ಹುಣಸೆ ಸಾಲದು" ಎಂದರೆ ಹುಣಸೆ ಸಾಲದು ಎಂದೇ ಅರ್ಥ. ಮೂಸಿದರೂ ಎಂಜಲೇ ಎಂದು ಒಮ್ಮೆ ಪುರೋಹಿತರೊಬ್ಬರು ತಕರಾರು ತೆಗೆದಿದ್ದರು. "ಹಾಗಾದ್ರೆ ಭಟ್ರೇ, ಸಾಂಬಾರು ಇಳಿಯುವ ತನಕ ನಾನು ಉಸಿರು ಕಟ್ಟಿ ನಿಲ್ಬೇಕಾ?" ಎಂದು ಚೆನ್ನಯ ಕೇಳಿದ ಮೇಲೆ ಅವರು ಎರಡು ಇಡ್ಲಿ ಹೆಚ್ಚು ತಿಂದು ಸುಮ್ಮನಾದರು.

ದೇವರಿಗೆ ಇಟ್ಟ ಮೇಲೆ ರುಚಿ ನೋಡಬಹುದಲ್ಲ ಎಂದರೆ, ನೋಡಬಹುದು. ಉಪ್ಪು ಕಡಿಮೆಯಾಗಿದ್ದರೆ ಹಾಕಲೂಬಹುದು. ಹೆಚ್ಚಾದ ಇಂಗನ್ನು ಯಾವ ಗಂಡಸು ಹೊರಗೆ ತೆಗೆಯುತ್ತಾನೆ?

ವಾಸನೆ ಇರಲಿಲ್ಲವೇ? ಇತ್ತು. ವರ್ಷದಿಂದ ವರ್ಷಕ್ಕೆ ಜೋರಾಗುತ್ತಲೂ ಇತ್ತು. ಒಮ್ಮೆ ಕೊಳೆತ ಎಲೆಕೋಸಿನ ಹಾಗೆ, ಒಮ್ಮೆ ಸುಟ್ಟ ರಬ್ಬರಿನ ಹಾಗೆ, ಕೆಲವೊಮ್ಮೆ ಆಸ್ಪತ್ರೆ ಫಿನಾಯಿಲಿಗೆ ಬೆಲ್ಲ ಬೆರೆಸಿದ ಹಾಗೆ. ರಸ್ತೆಯಲ್ಲಿ ಹೋಗುವ ನಾಯಿಗೂ ಗೊತ್ತಿತ್ತು. ಗುಣಪಾಲನ ಹತ್ತಿರ ಮಾತ್ರ ಪ್ರತಿಯೊಂದಕ್ಕೂ ಒಂದು ಉತ್ತರ ಇರುತ್ತಿತ್ತು. ಎಲೆಕೋಸಿನ ವಾಸನೆ ಭಾಜಿ ಮಾರ್ಕೆಟಿನದ್ದು. ರಬ್ಬರಿನದ್ದು ಯಾರೋ ಟೈರು ಸುಟ್ಟದ್ದು. ಹಿಂದಿನ ಚರಂಡಿಯ ನೀರು ಒಂದು ದಿನ ನವಿಲುಗರಿಯ ಹಾಗೆ ನೀಲಿಯಾದಾಗ, "ಯಾರೋ ಹೊಸ ಜೀನ್ಸ್ ಒಗೆದಿದ್ದಾರೆ" ಎಂದ. ಇಡೀ ಡೊಂಬಿವಲಿಯ ಜೀನ್ಸ್ ಒಟ್ಟಿಗೆ ಒಗೆದರೂ ಅಷ್ಟು ನೀಲಿ ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಲ್ಕನಿಯ ತುಳಸಿ ಕರಟಿದ್ದು ಹೆಂಡತಿ ರತ್ನಾವತಿ ನೀರು ಜಾಸ್ತಿ ಹಾಕಿದ್ದರಿಂದ. ರತ್ನಾವತಿಯ ಕೆಮ್ಮಿಗೆ ಕಾರಣ ಐಸ್‌ಕ್ರೀಮು. ಆಕೆ ಐಸ್‌ಕ್ರೀಮು ತಿಂದದ್ದು ಹೋದ ದೀಪಾವಳಿಗೆ, ಅದೂ ಅರ್ಧ ಕಪ್ಪು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಹಾಲಾದರೂ ಸಿಗುತ್ತದೆ. ಮೂಗು ಮುಚ್ಚಿ ಕೂತ ಗುಣಪಾಲನಿಗೆ ಸಿಕ್ಕಿದ್ದೇನು ಎಂದು ಕೇಳಬಹುದು. ಅವನನ್ನು ಕೇಳಿದರೆ ಅವನು ತಟ್ಟೆ ಎಸೆದಾನು. ಹನ್ನೊಂದು ವರ್ಷದ ಹಿಂದೆ ಅವನು ಥಾಣೆಯ ಮನೆ ಮಾರಿ ಇಲ್ಲಿಗೆ ಬಂದದ್ದು. ರತ್ನಾವತಿ ಬೇಡ ಎಂದಿದ್ದಳು. ಮಗಳು ನಿಕಿತಾ ಶಾಲೆ ಬಿಡಲಾರೆ ಎಂದು ಅತ್ತಿದ್ದಳು. ಇನ್ನೊಂದು ಹೋಟೆಲಿನಲ್ಲಿ ಸುಖವಾಗಿದ್ದ ಚೆನ್ನಯನನ್ನು ಕೈ ಹಿಡಿದು ಎಳೆದುಕೊಂಡು ಬಂದವನೂ ಅವನೇ. "ನನ್ನ ಮೇಲೆ ನಂಬಿಕೆ ಇಡಿ, ಇದಕ್ಕಿಂತ ಒಳ್ಳೆ ಜಾಗ ಈ ರೈಲ್ವೆ ಲೈನಿನಲ್ಲೇ ಇಲ್ಲ" ಎಂದು ಮೂವರಿಗೂ ಹೇಳಿದ್ದ. ಅಂದಮೇಲೆ ಇಲ್ಲಿ ವಾಸನೆ ಇರಲು ಹೇಗೆ ಸಾಧ್ಯ?

ತಮಾಷೆಯೆಂದರೆ, ವಾರದಲ್ಲಿ ಒಂದು ದಿನ ಸಾಂಬಾರು ಹಳೆಯ ಹಾಗೇ ಬರುತ್ತಿತ್ತು. ಶುಕ್ರವಾರ. ಆ ದಿನ ಗಿರಾಕಿಗಳು ಬಟ್ಟಲು ಎತ್ತಿ ಕುಡಿಯುತ್ತಿದ್ದರು. ಪಕ್ಕದ ಝೆರಾಕ್ಸ್ ಅಂಗಡಿಯ ಜಯೇಶ್ ಎರಡು ಸಲ ಕೇಳಿ ಹಾಕಿಸಿಕೊಂಡು, "ಶೇಟ್, ರೋಜ್ ಐಸಾ ಕ್ಯೂಂ ನಹೀ ಬನಾತೇ?" ಎಂದು, ದಿನಾ ಯಾಕೆ ಹೀಗೆ ಮಾಡುವುದಿಲ್ಲ ಎಂದು ಕೇಳುತ್ತಿದ್ದ.

"ಶುಕ್ರವಾರ ದೇವಿಯ ವಾರ," ಎಂದು ಗುಣಪಾಲ ಪಟಕ್ಕೆ ಕೈ ಮುಗಿದ. "ಅವಳೇ ಬಂದು ಸೌಟು ಹಾಕ್ತಾಳೆ." ಅಷ್ಟಕ್ಕೇ ಬಿಡದೆ, 'ಶುಕ್ರವಾರ ಸ್ಪೆಷಲ್ ಸಾಂಬಾರ್' ಎಂದು ಮೂರು ಭಾಷೆಯಲ್ಲಿ ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದ.

ಬೋರ್ಡು ನೋಡಿ ನಿಕಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಹಾಪೆಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಕನ್ನಡ ಅರ್ಥವಾಗುತ್ತದೆ, ನಾಲಿಗೆ ಹೊರಳುವುದು ಹಿಂದಿಗೆ.

"ಪಪ್ಪಾ, ಶುಕ್ರವಾರ್ ಕೋ ಯಹಾಂ ಫ್ಯಾಕ್ಟರಿಯೋಂಕೋ ಛುಟ್ಟಿ ಹೋತೀ ಹೈ. ದೇವಿ ಕಾ ಕ್ಯಾ ಹೈ ಇಸ್ಮೇ?"

"ಕನ್ನಡದಲ್ಲಿ ಹೇಳು."

"ಶುಕ್ರವಾರ ಫ್ಯಾಕ್ಟರಿಗಳಿಗೆ ರಜೆ, ಇದರಲ್ಲಿ ದೇವಿಯದ್ದೇನೂ ಇಲ್ಲ ಅಂತ ಕನ್ನಡದಲ್ಲಿ ಹೇಳಿದ್ರೆ ಒಪ್ತೀರಾ?"

"ಇಲ್ಲ."

"ಫಿರ್?" ಎಂದು ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದು ಗಲ್ಲಾದ ಮೇಲಿಟ್ಟಳು. ಗಾಳಿಯ ಬಗ್ಗೆ ಓಣಿಯವರೆಲ್ಲ ಸೇರಿ ಬರೆದ ದೂರು. ಕೆಳಗೆ ಐವತ್ತೆಂಟು ಸಹಿ. ಗುಣಪಾಲ ಅದನ್ನು ಓದಲೂ ಇಲ್ಲ, ಹರಿಯಲೂ ಇಲ್ಲ. ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಡಿಗೆ ಇಟ್ಟ. ಮೇಜು ಸರಿಯಾಯಿತು. "ನೋಡು, ಇದರಿಂದ ಇಷ್ಟಾದರೂ ಉಪಯೋಗ ಆಯ್ತು," ಎಂದ.

ಆದರೆ ಶನಿವಾರದಿಂದ ಗುರುವಾರದ ವರೆಗೆ ತಟ್ಟೆಗಳು ವಾಪಸು ಬರುವುದು ನಿಲ್ಲಲಿಲ್ಲ. ಗಾಳಿಗೆ ಬೈಯುವಂತಿಲ್ಲ, ಹಾಗಾಗಿ ಗುಣಪಾಲ ಕೈಗೆ ಸಿಕ್ಕಿದ್ದಕ್ಕೆಲ್ಲ ಬೈದ. ಇಂಗಿನ ಅಂಗಡಿ ಮೂರು ಸಲ ಬದಲಾಯಿತು. ತೊಗರಿಬೇಳೆಯವನನ್ನು ಕಳ್ಳ ಎಂದ. ತೆಂಗಿನಕಾಯಿ ಹಳತು ಎಂದ. ಚೆನ್ನಾಗಿದ್ದ ಕಡಾಯಿಗೆ ಕಲಾಯಿ ಹಾಕಿಸಿದ. ಕೊನೆಗೆ ಯಾರದ್ದೋ ದೃಷ್ಟಿ ಬಿದ್ದಿದೆ ಎಂದು ಒಲೆಗೆ ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕಿದ. ಆ ಘಾಟಿಗೆ ಎರಡು ಬೆಂಚಿನ ಗಿರಾಕಿಗಳು ತಿಂಡಿ ಬಿಟ್ಟು ಓಡಿದರು. ತನ್ನ ಅಡುಗೆಮನೆಯನ್ನು ಹೀಗೆ ತಾನೇ ಕಳ್ಳನನ್ನಾಗಿ ಮಾಡಿದ ಹೋಟೆಲಿನವನು ಪ್ರಪಂಚದಲ್ಲಿ ಇನ್ನೊಬ್ಬ ಇರಲಾರ. ಆದರೆ ಅದರಲ್ಲಿ ಅವನಿಗೊಂದು ಸಮಾಧಾನ ಇತ್ತು. ಕಡಾಯಿಯನ್ನು ಬದಲಾಯಿಸಬಹುದು. ಆಕಾಶವನ್ನು ಯಾವ ಅಂಗಡಿಯಲ್ಲಿ ವಾಪಸು ಕೊಡುವುದು?

ಚೆನ್ನಯ ಇದನ್ನೆಲ್ಲ ನೋಡುತ್ತಿದ್ದ. ಅವನ ಹೆದರಿಕೆ ಬೇರೆಯೇ ಇತ್ತು. ಮೂಗು ನಿಜವಾಗಿಯೂ ಸತ್ತಿದ್ದರೆ? ಅಕ್ಷರ ಗೊತ್ತಿಲ್ಲದವನು, ಹೆಂಡತಿ ತೀರಿಹೋದವನು, ಹೋಟೆಲಿನ ಹಿಂದಿನ ಕೋಣೆ ಬಿಟ್ಟರೆ ಬೇರೆ ಮನೆಯಿಲ್ಲದವನು. ಅವನಿಗೆ ಇದ್ದ ಆಸ್ತಿ ಆ ಮೂಗು ಒಂದೇ.

ಮೂಗು ಸತ್ತಿದೆಯೋ ಇಲ್ಲವೋ ಎಂಬುದು ಗೊತ್ತಾದದ್ದು ದೂರದ ಖಾರಘರ ಎಂಬ ಊರಿನಲ್ಲಿ. ರತ್ನಾವತಿಯ ತಮ್ಮ ಲೋಕನಾಥ ಅಲ್ಲಿದ್ದ. ನಾಲ್ಕು ವರ್ಷದ ಹಿಂದೆ, ಡೊಂಬಿವಲಿಯಲ್ಲಿ ಉಸಿರು ಕಟ್ಟುತ್ತದೆ ಎಂದು ಮನೆ ಬದಲಾಯಿಸಿದ ದಿನದಿಂದ ಗುಣಪಾಲ ಅವನನ್ನು 'ಮೂಗಿನ ಮಹಾರಾಜ' ಎಂದೇ ಕರೆಯುತ್ತಿದ್ದ. ಒಂದು ಮಂಗಳವಾರ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಅರವತ್ತು ಜನರ ಊಟ. ಅಡುಗೆಗೆ ಚೆನ್ನಯನೇ ಆಗಬೇಕು ಎಂದು ರತ್ನಾವತಿ ಹಟ ಹಿಡಿದಳು. ಹೋಟೆಲಿಗೆ ಬೀಗ ಹಾಕಿ ಎಲ್ಲರೂ ಹೋದರು.

ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಕಟ್ಟಡದ ಹಿಂದೆ ಒಲೆ ಹೂಡಿದ್ದ ಚೆನ್ನಯ ಕಡಾಯಿಯ ಮೇಲೆ ಬಾಗಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ತಲೆ ಎತ್ತಲಿಲ್ಲ. ಬಿದ್ದಾನೋ ಎಂದು ಗುಣಪಾಲ ಹತ್ತಿರ ಹೋದ.

"ಎಂಥ ಆಯ್ತು ಚೆನ್ನಯಣ್ಣ?"

"ಬಂತು," ಎಂದ ಚೆನ್ನಯ.

"ಏನು ಬಂತು?"

"ಕೊತ್ತಂಬರಿ ಬಂತು. ಮೆಂತೆ ಬಂತು. ಬೆಲ್ಲ ಒಂದು ಚೂರು ಸಾಲದು." ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. ಅಲ್ಲಿಯೂ ಈರುಳ್ಳಿ ಹೆಚ್ಚಿರಲಿಲ್ಲ.

ಆ ದಿನದ ಸಾಂಬಾರಿಗೆ ಜನ ಬೆರಳು ನೆಕ್ಕಿದರು. ಪಕ್ಕದ ಬೀದಿಯಲ್ಲಿ ಕಾಲೇಜು ಮಕ್ಕಳ ಮೆಸ್ ನಡೆಸುವ ಜಯಲತಾ ಎಂಬ ಹೆಂಗಸು ಅಡುಗೆಯವನನ್ನು ಹುಡುಕಿಕೊಂಡು ಹಿಂದೆ ಬಂದು, "ನಮ್ಮಲ್ಲಿಗೆ ಬರ್ತೀರಾ ಅಣ್ಣಾ? ಇರ್ಲಿಕ್ಕೆ ಕೋಣೆಯೂ ಉಂಟು" ಎಂದು ಕೇಳಿಯೇಬಿಟ್ಟಳು. ಚೆನ್ನಯ ನಕ್ಕು ಕೈ ಮುಗಿದ.

ಗುಣಪಾಲ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ನಾಲ್ಕನೇ ಸಲ ಸಾಂಬಾರು ಹಾಕಿಸಿಕೊಂಡು, ಎಲೆಯ ಮೇಲೆ ಕೈ ತಟ್ಟಿ ಕೂಗಿದ: "ನೀರು! ಈಗ ಗೊತ್ತಾಯ್ತು. ವ್ಯತ್ಯಾಸ ಇರೋದು ನೀರಿನಲ್ಲಿ!"

"ಭಾವ, ನೀರಲ್ಲ, ಗಾಳಿ," ಎಂದ ಬಡಿಸುತ್ತಿದ್ದ ಲೋಕನಾಥ.

"ಗಾಳಿಯಲ್ಲಿ ಸಾಂಬಾರು ಮಾಡ್ತಾರಾ? ಮೂಗಿನ ಮಹಾರಾಜ, ನೀನು ಪಾಯಸ ತಾ."

ಸಂಜೆಯೊಳಗೆ ಒಂದು ಟೆಂಪೊ ಬಂತು. ಇಪ್ಪತ್ತು ಲೀಟರಿನ ಹನ್ನೆರಡು ಕ್ಯಾನ್‌ಗಳಲ್ಲಿ ಲೋಕನಾಥನ ಮನೆಯ ನಲ್ಲಿ ನೀರು ತುಂಬಿಸಿ, ಕಾಶಿಯಿಂದ ಗಂಗೆ ತರುವವನ ಗತ್ತಿನಲ್ಲಿ ಗುಣಪಾಲ ಮುಂದಿನ ಸೀಟಿನಲ್ಲಿ ಕೂತ. ಹೆಂಡತಿ ಮಗಳು ರೈಲಿನಲ್ಲಿ ಹೋದರು. ಚೆನ್ನಯ ಪಕ್ಕದಲ್ಲಿ ಕೂತ. ಶೀಳ್‌ಫಾಟಾ ಕೂಡುರಸ್ತೆ ಬಿಟ್ಟು ಡೊಂಬಿವಲಿಯ ರಸ್ತೆ ಹಿಡಿಯುತ್ತಲೇ ಗುಣಪಾಲ ಕಿಟಕಿಯ ಗಾಜು ಏರಿಸಿದ.

"ಯಾಕೆ ಏರಿಸಿದ್ದು?" ಎಂದ ಚೆನ್ನಯ.

"ಚಳಿ."

ಅಕ್ಟೋಬರಿನ ಧಗೆ. ಡ್ರೈವರನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವನು ಒಮ್ಮೆ ಗುಣಪಾಲನನ್ನು ನೋಡಿ, ಬಾಡಿಗೆ ಕೊಡುವವರೊಂದಿಗೆ ವಾದ ಯಾಕೆ ಎಂದು ತನ್ನ ಗಾಜನ್ನೂ ಏರಿಸಿದ.

"ಗುಣಪಾಲ, ಒಂದು ಮಾತು ಹೇಳ್ತೇನೆ, ಸಿಟ್ಟಾಗಬೇಡ," ಎಂದ ಚೆನ್ನಯ ಮೆತ್ತಗೆ. "ನನ್ನ ಮೂಗು ಸರಿ ಉಂಟು. ಇವತ್ತು ಗೊತ್ತಾಯ್ತು. ಇಲ್ಲಿ ವಾಸನೆ ಉಂಟು ಅಂತ ನೀನೊಂದು ಮಾತು ಹೇಳು, ಸಾಕು. ಆಮೇಲೆ ಏನಾದ್ರೂ ಮಾಡುವಾ. ಒಲೆ ರಸ್ತೆ ಕಡೆಗೆ ತರುವಾ. ಹಿಂದಿನ ಬಾಗಿಲಿಗೆ ಗೋಡೆ ಕಟ್ಟುವಾ. ದೇವಿಯ ಹತ್ತಿರ ತಪ್ಪಾಯ್ತು ಅಂತ ಹೇಳಿ ಬೇರೆ ಪಾತ್ರೆಯಲ್ಲಿ ರುಚಿ ನೋಡುವಾ. ಇಲ್ಲದ ವಾಸನೆಗೆ ಮದ್ದು ಮಾಡುವುದು ಹೇಗೆ ಮಾರಾಯ?"

'ಹೌದು' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ಹೌದಿನ ಬಾಲ ಹಿಡಿದು ಇನ್ನೇನೇನು ಒಳಗೆ ಬರುತ್ತದೆ ಎಂಬುದು ಗುಣಪಾಲನಿಗೆ ಕಾಣುತ್ತಿತ್ತು. ರತ್ನಾವತಿಯ ಕೆಮ್ಮು ಐಸ್‌ಕ್ರೀಮಿನದ್ದಲ್ಲ ಎಂದಾಗುತ್ತದೆ. ಹನ್ನೊಂದು ವರ್ಷದಿಂದ ಅವಳಿಗೆ ಆ ಗಾಳಿಯನ್ನು ಕುಡಿಸುತ್ತ ಬಂದವನು ತಾನೇ ಎಂದಾಗುತ್ತದೆ.

"ನಾಳೆ ಈ ನೀರಲ್ಲಿ ಮಾಡಿ ನೋಡುವಾ," ಎಂದ. "ಆಮೇಲೆ ಮಾತಾಡುವಾ."

ಮರುದಿನ ಬುಧವಾರ. ಗಾಳಿ ಅಲುಗಾಡದೆ ನಿಂತಿತ್ತು, ವಾಸನೆಯೂ ಅದರ ಜೊತೆ ಓಣಿಯಲ್ಲಿ ಕಾಲು ಚಾಚಿ ಮಲಗಿತ್ತು. ಹಾಲಿನವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದ. ಚೆನ್ನಯ ಖಾರಘರದ ನೀರಲ್ಲಿ ಬೇಳೆ ಬೇಯಿಸಿದ. ಹಬೆಯ ಮೇಲೆ ಬಾಗಿದ, ಏನೂ ಸಿಗಲಿಲ್ಲ. ಮತ್ತೆ ಬಾಗಿದ. ಇಂಗು ಹೆಚ್ಚಾದೀತು ಎಂಬ ಹೆದರಿಕೆಯಲ್ಲಿ ಕೈ ಹಿಡಿದ, ಹುಣಸೆಯ ಲೆಕ್ಕ ತಪ್ಪಿತು. ದೇವಿಗೆ ಬಟ್ಟಲು ಇಟ್ಟು, ಒಂದು ಹನಿ ನಾಲಿಗೆಗೆ ಹಾಕಿ, ಸೌಟು ಹಿಡಿದು ಹಾಗೇ ನಿಂತ. ಅಷ್ಟರಲ್ಲಿ ಹೊರಗೆ ತಟ್ಟೆಗಳು ಹೋಗಿಯಾಗಿತ್ತು.

ಮೊದಲು ಜಯೇಶನೇ ಬರೇ ಹುಣಸೆ ನೀರು ಕುಡಿದವನ ಹಾಗೆ ಮುಖ ಹುಳ್ಳಗೆ ಮಾಡಿದ. "ಶೇಟ್, ಆಜ್ ತೋ ಇಮ್ಲೀ ಕಾ ಪಾನೀ ಹೈ!"

ಗುಣಪಾಲ ಕಾದು ಕೂತಿದ್ದ. ಹನ್ನೆರಡು ಕ್ಯಾನ್ ನೀರು, ಟೆಂಪೊ, ರಾತ್ರಿಯಿಡೀ ಕಟ್ಟಿಕೊಂಡ ಆಸೆ ಎಲ್ಲವೂ ಒಟ್ಟಿಗೆ ತಲೆಗೇರಿತು. ಗಲ್ಲಾದಿಂದಲೇ, ತುಂಬಿದ ಹೋಟೆಲಿನ ಎದುರು ಕೂಗಿದ:

"ಏ ಚೆನ್ನಯ! ಗಂಗಾಜಲ ತಂದುಕೊಟ್ರೂ ಚರಂಡಿ ನೀರು ಮಾಡ್ತೀಯಲ್ಲ! ನೀರು ಸರಿ ಉಂಟು, ಬೇಳೆ ಸರಿ ಉಂಟು, ಕಡಾಯಿ ಸರಿ ಉಂಟು. ಇನ್ನು ಉಳಿದದ್ದು ನೀನೊಬ್ಬ. ಮುದುಕ ಆದೆ ನೀನು. ಮೂಗು ಸತ್ತಿದೆ ನಿಂದು!"

ಚೆನ್ನಯ ಅಡುಗೆಮನೆಯಿಂದ ಹೊರಗೆ ಬಂದ. ಹನ್ನೊಂದು ವರ್ಷದಲ್ಲಿ ತಿನ್ನುತ್ತಿರುವ ಗಿರಾಕಿಗಳ ನಡುವೆ ಅವನು ಹೀಗೆ ಬಂದವನಲ್ಲ. ಸೌಟು ಕೈಯಲ್ಲೇ ಇತ್ತು. ಮೇಜುಗಳ ನಡುವೆ ನಡೆದು ಬಂದು ಗಲ್ಲಾದ ಎದುರು ನಿಂತ. ಜನ ತಲೆ ಎತ್ತಿ ನೋಡಿದರು. ಹಾಲಿನ ಲೆಕ್ಕಕ್ಕೆಂದು ಬಂದಿದ್ದ ರತ್ನಾವತಿ ಗೋಡೆಗೊರಗಿ ನಿಂತಳು.

"ಇಷ್ಟು ಜನರ ಎದುರು ಹೇಳಿದೆಯಲ್ಲ, ಇಷ್ಟೇ ಜನರ ಎದುರು ಉತ್ತರವೂ ಹೇಳು," ಎಂದ ಚೆನ್ನಯ. ಈ ಸಲ 'ಶೇಟ್' ಎನ್ನಲಿಲ್ಲ. "ನನ್ನ ಮೂಗು ಸತ್ತಿದೆಯಾ, ಇಲ್ಲಿ ವಾಸನೆ ಉಂಟಾ? ಎರಡರಲ್ಲಿ ಒಂದು. ವಾಸನೆ ಉಂಟು ಅಂತ ಹೇಳಿದ್ರೆ ನಾನು ಒಳಗೆ ಹೋಗಿ ಇನ್ನೊಂದು ಕಡಾಯಿ ಇಡ್ತೇನೆ. ಮೂಗು ಸತ್ತಿದೆ ಅಂದ್ರೆ ಸತ್ತ ಮೂಗಿನವನಿಗೆ ಇಲ್ಲಿ ಎಂಥ ಕೆಲಸ?"

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಫ್ಯಾನ್ ತಿರುಗಿಸುತ್ತಿದ್ದದ್ದೂ ಅದೇ ಗಾಳಿಯನ್ನು. ಮೂಲೆಯ ಮೇಜಿನ ಒಬ್ಬ ಮೂಗಿಗೆ ಕರ್ಚೀಫು ಹಿಡಿದೇ ಇಡ್ಲಿ ತಿನ್ನುತ್ತಿದ್ದ. ಕಿಟಕಿಯ ಹತ್ತಿರದವಳ ಕಣ್ಣು ಕೆಂಪಾಗಿತ್ತು. ಗುಣಪಾಲನ ಗಂಟಲಿನಲ್ಲಿ ಬೆಳಗಿನಿಂದ ಆ ವಾಸನೆಯೇ ಕೂತಿತ್ತು, ಉಗುಳು ನುಂಗಿದರೆ ಕಹಿ. ಅವನು ರತ್ನಾವತಿಯನ್ನು ನೋಡಿದ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿ ಕೆಮ್ಮು ತಡೆಯುತ್ತಿದ್ದಳು. ಅವನ ಉತ್ತರಕ್ಕೆ ಅಡ್ಡಿಯಾಗದಿರಲಿ ಎಂದು ತಡೆಯುತ್ತಿದ್ದಳು.

ಅದನ್ನು ನೋಡಿಯೇ ಅವನು ಹೆದರಿದ. ಸಾಂಬಾರು ಕೆಟ್ಟರೆ ಚೆಲ್ಲಬಹುದು. ಅಡುಗೆಯವನು ಮುದುಕನಾದರೆ ಅದು ಪ್ರಾಯದ ಧರ್ಮ, ಯಾರ ತಪ್ಪೂ ಅಲ್ಲ. ಆದರೆ ಇನ್ನೊಂದು ಉತ್ತರ ಹೇಳಿದರೆ, ಆ ಉತ್ತರದ ಜೊತೆ ಇನ್ನು ದಿನಾ ಅವನು ಮನೆಗೆ ಹೋಗಬೇಕಾಗುತ್ತಿತ್ತು.

"ನಿನ್ನ ಮೂಗು," ಎಂದ ಗುಣಪಾಲ.

ಚೆನ್ನಯ ತಲೆಯಾಡಿಸಿದ. ಸಿಟ್ಟಾಗಲಿಲ್ಲ. ಸೌಟನ್ನು ಗಲ್ಲಾದ ಮೇಲೆ ಮೆಲ್ಲಗೆ ಇಟ್ಟ. ಹಿಂದಿನ ಕೋಣೆಗೆ ಹೋಗಿ ಐದು ನಿಮಿಷದಲ್ಲಿ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದ. ರತ್ನಾವತಿಯ ಎದುರು ನಿಂತು, "ಅಕ್ಕಾ, ಈ ಕೆಮ್ಮು ಇಟ್ಕೊಂಡು ಕೂರಬೇಡಿ. ಸ್ವಲ್ಪ ದಿನ ತಮ್ಮನಲ್ಲಿಗೆ ಹೋಗಿ," ಎಂದ. ಜಯೇಶನ ಮೇಜಿನ ಹತ್ತಿರ ಒಂದು ಕ್ಷಣ ನಿಂತು, "ಮಾಫ್ ಕರೋ ಭಾಯ್, ಇಮ್ಲೀ ಜ್ಯಾದಾ ಹುವಾ," ಎಂದು ಹುಳಿ ಹೆಚ್ಚಾದದ್ದಕ್ಕೆ ಕ್ಷಮೆ ಕೇಳಿ ಹೊರಗಿಳಿದ.

"ಕರೀರಿ ಅವನನ್ನು," ಎಂದಳು ರತ್ನಾವತಿ. "ಈಗಲೇ ಕರೀರಿ. ಇನ್ನೂ ರಿಕ್ಷಾ ಸ್ಟ್ಯಾಂಡ್ ಮುಟ್ಲಿಲ್ಲ."

"ಎಲ್ಲಿಗೆ ಹೋಗ್ತಾನೆ? ಮಧ್ಯಾಹ್ನದ ಒಗ್ಗರಣೆಗೆ ಬರ್ತಾನೆ, ನೋಡ್ತಾ ಇರು."

ಬಾಗಿಲಿನಿಂದ ಓಣಿ ತುದಿಯ ತನಕ ಕಾಣುತ್ತಿತ್ತು. ಚೆನ್ನಯ ಅವಸರವಿಲ್ಲದೆ ನಡೆಯುತ್ತಿದ್ದ. ರಿಕ್ಷಾದವನೊಬ್ಬ ಕರೆದ, ಅವನು ಕೈ ಬೀಸಿ ಬೇಡ ಎಂದ. ತಿರುವಿನಲ್ಲಿ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಹಿಂದೆ ತಿರುಗುತ್ತಾನೆ ಎಂದು ಗುಣಪಾಲ ಅರ್ಧ ಎದ್ದು ನಿಂತ. ಅವನು ತಿರುಗಲಿಲ್ಲ.

ಮಧ್ಯಾಹ್ನ ಬರಲಿಲ್ಲ. ಸಂಜೆ ಬರಲಿಲ್ಲ. ಸಿಟ್ಟು ಇಳಿಯಲಿಕ್ಕೆ ಎರಡು ದಿನ ಬೇಕು ಎಂದ ಗುಣಪಾಲ. ಆಮೇಲೆ, ಕಾರ್ತಿಕ ಕಳೆದ ಮೇಲೆ ಬರುತ್ತಾನೆ ಎಂದ. ಚೆನ್ನಯ ಬರಲೇ ಇಲ್ಲ.